ಶುದ್ಧಪ್ರತಿ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದರೂ ಅವನು ಹೊರಗೆ ನೋಡುತ್ತಿರಲಿಲ್ಲ. ತೊಡೆಯ ಮೇಲೆ ಮಡಿಸಿಟ್ಟುಕೊಂಡ ಖಾಲಿ ಚೀಲದ ಮೇಲೆ ಅವನ ಹತ್ತೂ ಬೆರಳು ಆಡುತ್ತಿದ್ದವು. ಎದುರು ಸೀಟಿನ ಬೆನ್ನಿಗೆ ಅಂಟಿಸಿದ್ದ ಹಲ್ಲಿನ ಡಾಕ್ಟರ ಜಾಹೀರಾತನ್ನು ಅವು ಪೂರ್ತಿ ಟೈಪ್ ಮಾಡಿ ಮುಗಿಸಿ, ಈಗ ಹಿಂದೆ ಯಾರೋ ಫೋನಿನಲ್ಲಿ ಆಡುತ್ತಿದ್ದ ಜಗಳಕ್ಕೆ ಕೈಹಾಕಿದ್ದವು. ಮೂವತ್ತೊಂದು ವರ್ಷದ ಚಾಳಿ. ಕಿವಿಗೆ ಬಿದ್ದದ್ದು ಬೆರಳಿಗೆ ಇಳಿಯದೆ ಇರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ, "ರೀ, ನನ್ನ ಬೆನ್ನ ಮೇಲೆ ಯಾರ ಅರ್ಜಿ ಬರೀತಿದೀರಿ?" ಎಂದು ಕೇಳಿ, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಇವತ್ತು ಬೆಳಿಗ್ಗೆ ಚೀಲ ಕೈಗೆ ಕೊಡುವಾಗ ಅವಳು ನಗಲಿಲ್ಲ. "ಕೊಳ್ಳಲೇಬೇಕು ಅಂತೇನಿಲ್ಲ, ನೋಡ್ಕೊಂಡು ಬನ್ನಿ. ಚೀಲ ಸುಮ್ನೆ ಇರ್ಲಿ ಅಂತ ಕೊಟ್ಟೆ," ಎಂದಿದ್ದಳು. ಒಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪೊಂದನ್ನು ಬರೀ ನೋಡಿಬರುವುದಕ್ಕೆ ಇಷ್ಟು ಗಟ್ಟಿ ಚೀಲ ಯಾಕೆ ಎಂದು ಅವನು ಕೇಳಲಿಲ್ಲ. ಅದರ ಹಿಡಿಗಳನ್ನು ಅವಳು ನಿನ್ನೆ ಸಂಜೆ ಎರಡೆರಡು ಹೊಲಿಗೆ ಹಾಕಿ ಭದ್ರ ಮಾಡುತ್ತಿದ್ದುದನ್ನು ಅವನು ಕಂಡಿದ್ದ, ಕಂಡೂ ಕಾಣದ ಹಾಗೆ ಪೇಪರು ಓದಿದ್ದ.

ಅವನು ವಸತಿ ಕಚೇರಿಯ ವರಾಂಡದ ಟೈಪಿಸ್ಟು. ಸೋರುವ ಮಾಳಿಗೆ, ಪಕ್ಕದ ಮನೆಯವರ ನಲ್ಲಿ, ಸತ್ತ ಗಂಡನ ಹೆಸರಿನಿಂದ ತನ್ನ ಹೆಸರಿಗೆ ಆಗಬೇಕಾದ ಮನೆ. ಜನ ಬಂದು ಎದುರಿನ ಸ್ಟೂಲಿನ ಮೇಲೆ ಕೂತು ಹೇಳಿಕೊಳ್ಳುತ್ತಾರೆ, ಅವನು ಕಣ್ಣು ಮುಚ್ಚಿ ಕೇಳುತ್ತಾನೆ. ಪೂರ್ತಿ ಕೇಳಿದ ಮೇಲೆ ಮೂಲ ಒಂದು, ಕಾರ್ಬನ್ ಪ್ರತಿ ಎರಡು ಸೇರಿಸಿ ರೋಲರಿಗೆ ಏರಿಸಿ 'ನಾನು' ಎಂದು ಶುರುಮಾಡಿದನೆಂದರೆ ಸಹಿಯ ಗೆರೆ ಬರುವವರೆಗೆ ತಲೆಯೆತ್ತುವುದಿಲ್ಲ. ಟೈಪ್‌ರೈಟರಿನಲ್ಲಿ ಬಿದ್ದ ಅಕ್ಷರ ಬಿದ್ದದ್ದೇ. ಒಂದು ತಪ್ಪಾದರೆ ಮೂರೂ ಪ್ರತಿ ಬುಟ್ಟಿಗೆ, ಮತ್ತೆ ಮೊದಲಿನಿಂದ. ವರಾಂಡದ ಏಳು ಟೈಪಿಸ್ಟರ ಪೈಕಿ ಸಂಜೆ ಕಸದ ಬುಟ್ಟಿ ಖಾಲಿ ಇರುತ್ತಿದ್ದದ್ದು ಅವನದೊಂದೇ. ಅದಕ್ಕೇ ಅವನಿಗೆ 'ಶುದ್ಧಪ್ರತಿ' ಎಂಬ ಅಡ್ಡಹೆಸರು ಬಿದ್ದಿತ್ತು. ಪಕ್ಕದ ಮೇಜಿನವನು, ಬಾಯಿಗೆ ಬೀಗವಿಲ್ಲದ್ದಕ್ಕೆ 'ರೇಡಿಯೋ' ಎನ್ನಿಸಿಕೊಂಡವನು, ಆ ಹೆಸರನ್ನು ಅರ್ಧ ಗೌರವದಿಂದ, ಅರ್ಧ ಹೊಟ್ಟೆಯುರಿಯಿಂದ ಕೂಗುತ್ತಿದ್ದ. ಕಚೇರಿಗೆ ಒಂದು ಪದ್ಧತಿಯಿತ್ತು. ಟೈಪಿಸ್ಟನ ಕೈತಪ್ಪಿನಿಂದ ಅರ್ಜಿ ವಾಪಸಾದರೆ, ಆರು ತಿಂಗಳೊಳಗೆ ಟೈಪಿಸ್ಟನೇ ತಪ್ಪೊಪ್ಪಿಗೆ ಚೀಟಿ ಬರೆದುಕೊಡಬೇಕು. ಕೊಟ್ಟರೆ ಅರ್ಜಿ ತನ್ನ ಹಳೆಯ ನಂಬರಿಗೆ, ಹಳೆಯ ಸರದಿಗೆ ಮರಳುತ್ತದೆ. ಕೊಡದಿದ್ದರೆ ಅರ್ಜಿದಾರರು ಹೊಸದಾಗಿ ಬರೆಸಿ ಸಾಲಿನ ತುದಿಗೆ ನಿಲ್ಲಬೇಕು. ಚೀಟಿಯನ್ನು ವರಾಂಡದ ಬೋರ್ಡಿನ ಮೇಲೆ ಒಂದು ವರ್ಷ ಅಂಟಿಸಿರುತ್ತಾರೆ. ಬಂದ ಜನ ಯಾರ ಮುಂದೆ ಕೂರಬೇಕೆಂದು ಆ ಬೋರ್ಡು ನೋಡಿಯೇ ತೀರ್ಮಾನಿಸುತ್ತಾರೆ. ರೇಡಿಯೋನ ಚೀಟಿಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ, ಅವನಿಗೇನೂ ಬೇಸರವಿಲ್ಲ, "ಫೋಟೋ ಒಂದು ಹಾಕಿಲ್ಲ ನೋಡಿ ಅಷ್ಟೆ," ಎನ್ನುತ್ತಾನೆ. ಶುದ್ಧಪ್ರತಿಯ ಚೀಟಿ ಮೂವತ್ತೊಂದು ವರ್ಷದಲ್ಲಿ ಒಂದೂ ಇಲ್ಲ.

ಈಗ ಅದೇ ಬೋರ್ಡಿನ ಮೇಲೆ ಆದೇಶವೊಂದು ಬಂದು ಕೂತಿತ್ತು. ಬರುವ ಒಂದನೇ ತಾರೀಖಿನಿಂದ ಟೈಪ್‌ರೈಟರಿನ ಅರ್ಜಿ ತೆಗೆದುಕೊಳ್ಳುವುದಿಲ್ಲ, ಕಂಪ್ಯೂಟರಿನಲ್ಲಿ ಮಾಡಿದ್ದೇ ಆಗಬೇಕು. ರೇಡಿಯೋ ಮಾರನೆಯ ದಿನವೇ ಹೊಸ ಲ್ಯಾಪ್‌ಟಾಪು ತಂದು ಅದಕ್ಕೆ ಹೂವೊಂದು ಬಾಕಿ ಎನ್ನುವ ಹಾಗೆ ಮೇಜಿನ ಮೇಲೆ ಇಟ್ಟುಕೊಂಡ. ಉಳಿದವರೂ ಒಬ್ಬೊಬ್ಬರಾಗಿ ತಂದರು. ಶುದ್ಧಪ್ರತಿ ಮಾತ್ರ ಮನೆಯಲ್ಲಿ, "ಈ ವಯಸ್ಸಲ್ಲಿ ಯಾರಿಗೆ ಬೇಕು ಇವೆಲ್ಲ, ಬಿಟ್ಟುಬಿಡ್ತೀನಿ," ಎಂದ. ಬಾಮೈದನ ಗೋದಾಮಿನ ಬಾಗಿಲಲ್ಲಿ ಕೂತು ಬರುವ ಹೋಗುವ ಲಾರಿಗಳನ್ನು ಬರೆದುಕೊಳ್ಳುವ ಕೆಲಸ ಖಾಲಿಯಿತ್ತು. ಸೋಮವಾರ, ಅಂದರೆ ನಾಳೆ, ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹೆಂಡತಿ ಸ್ವಂತ ತಮ್ಮನ ಗೋದಾಮಾದರೂ ಮುಖ ಅರಳಿಸಲಿಲ್ಲ. "ಲಾರಿ ಏನು ಹೇಳ್ಕೊಳತ್ತೆ ನಿಮ್ಮ ಹತ್ರ?" ಎಂದಳು. ಅವನಿಗೆ ಕಂಪ್ಯೂಟರು ಕಂಡರೆ ಭಯ ಎಂದು ಅವಳು ತಿಳಿದಿದ್ದಳು. ಹಾಗೇ ತಿಳಿದುಕೊಳ್ಳಲಿ ಎಂದು ಅವನೂ ಬಿಟ್ಟಿದ್ದ. ಭಯ ಇದ್ದದ್ದು ಒಬ್ಬ ಮುದುಕಿಯದು.

ಕಂಪ್ಯೂಟರು ಅವನನ್ನು ಹೆದರಿಸಿರದಿದ್ದರೂ ಚೆನ್ನಾಗಿಯೇ ನಾಚಿಸಿತ್ತು. ಕಳೆದ ವಾರ ಹೆಂಡತಿಯ ಒತ್ತಾಯಕ್ಕೆ ದೀಪಗಳು ಕಣ್ಣು ಕುಕ್ಕುವ ಒಂದು ದೊಡ್ಡ ಅಂಗಡಿಗೆ ಹೋಗಿದ್ದ. ಎಲ್ಲಕ್ಕಿಂತ ಅಗ್ಗದ್ದನ್ನು, ತಟ್ಟೆಯ ಹಾಗೆ ಹಗುರವಾದ ಒಂದು ಹೊಸ ಪ್ಲಾಸ್ಟಿಕ್ಕಿನದನ್ನು, ಅಂಗಡಿಯವನು ಮುಂದಿಟ್ಟು "ಟ್ರೈ ಮಾಡಿ ಅಂಕಲ್" ಎಂದ. ಕೀಲಿಗಳು ಕೀಲಿಗಳ ಹಾಗಿರಲಿಲ್ಲ, ಒತ್ತಿದರೆ ಒಳಗೆ ಹೋಗುತ್ತಲೇ ಇರಲಿಲ್ಲ, ಕಲ್ಲುಬೆಂಚಿನ ಮೇಲೆ ಟೈಪ್ ಮಾಡಿದಂತಿತ್ತು. ಆದರೂ ಬೆರಳು ಓಡಿದವು. ಸಾಲು ಮುಗಿಯುವ ಹೊತ್ತಿಗೆ ಕಿವಿ ಗಂಟೆಗಾಗಿ ಕಾಯಿತು. ಟೈಪ್‌ರೈಟರು ಸಾಲಿನ ಕೊನೆಗೆ ಟಿಣ್ ಎಂದು ಗಂಟೆ ಬಾರಿಸುತ್ತದೆ, ಆಗ ಎಡಗೈ ತಾನಾಗಿ ಎದ್ದು ಪಕ್ಕದ ಹಿಡಿಯನ್ನು ತಳ್ಳಿ ರೋಲರನ್ನು ಹೊಸ ಸಾಲಿಗೆ ತರುತ್ತದೆ. ಗಂಟೆ ಬಾರಿಸಲಿಲ್ಲ, ಕೈ ಮಾತ್ರ ಎದ್ದಿತು. ಫಟಾರೆಂದು ಸ್ಕ್ರೀನಿನ ಅಂಚಿಗೆ ಬಿದ್ದ ಏಟಿಗೆ ಆ ಹಗುರದ ವಸ್ತು ಅಂಗಾತ ಬಿದ್ದು ಮೇಜಿನ ಮೇಲೆ ಜಾರುತ್ತ ಹೋಗಿ ಮತ್ತೊಂದಕ್ಕೆ ಡಿಕ್ಕಿ ಹೊಡೆಯಿತು. "ಅಂಕಲ್, ಟಚ್ ಸ್ಕ್ರೀನ್ ಅಂದ್ರೆ ಹೀಗಲ್ಲ!" ಎಂದ ಅಂಗಡಿಯವನು. ಅಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ, ಬೇರೆ ಏನು ಮಾಡುವುದಕ್ಕಾಗುತ್ತದೆ. ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತಾಗ ಎಡಗೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದು ಗೊತ್ತಾಗಿ, ನಾಚಿಕೆಯ ಜೊತೆಗೆ ಒಂದು ಥರದ ನೆಮ್ಮದಿಯೂ ಆಯಿತು. ಬಿಡಲು ಒಳ್ಳೆ ಕಾರಣ ಸಿಕ್ಕಿತ್ತು. ಆದರೆ ಆ ಕತೆ ಕೇಳಿದ ರೇಡಿಯೋ ಸುಮ್ಮನಿರುವವನೇ? ಎಲ್ಲೋ ವಿಚಾರಿಸಿ, ಯಾರೋ ಅನುವಾದಕಿ ತನ್ನ ಹಳೇ ಲ್ಯಾಪ್‌ಟಾಪು ಮಾರುತ್ತಿದ್ದಾರೆಂದು ವಿಳಾಸ ತಂದ. "ಒಂದು ಕಾಲಕ್ಕೆ ದೊಡ್ಡ ದೊಡ್ಡ ಸಾಹೇಬರು ಇಟ್ಕೊಳ್ತಿದ್ದ ಮಾಲು ಸಾರ್ ಅದು. ಲೋಹದ ಮೈ. ಈಗ ಹೊಸ ಪ್ಲಾಸ್ಟಿಕ್ಕಿನ ಬೆಲೆಗೆ ಸಿಗ್ತಿದೆ. ನೀವು ಹೊಡೆದ್ರೆ ನಿಮ್ ಕೈಯೇ ಮುರಿಯುತ್ತೆ, ಅದಕ್ಕೇನಾಗಲ್ಲ."

ಬಸ್ಸು ತಿರುವಿನಲ್ಲಿ ನಿಂತು ಒಬ್ಬ ಮುದುಕಿ ಹತ್ತಿದಳು. ಅವನು ಥಟ್ಟನೆ ಮುಖ ತಿರುಗಿಸಿ, ಮತ್ತೆ ಓರೆಗಣ್ಣಲ್ಲಿ ನೋಡಿದ. ಅವಳಲ್ಲ. ನಾಲ್ಕು ತಿಂಗಳಿಂದ ನರೆತ ತಲೆ ಕಂಡಲ್ಲೆಲ್ಲ ಅವನಿಗೆ ಹೀಗೇ ಆಗುತ್ತಿತ್ತು. ಅವತ್ತು ಕಚೇರಿ ಮುಚ್ಚಲು ಹತ್ತು ನಿಮಿಷವಿತ್ತು, ಮುದುಕಿಯ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು. ಗಂಡ ತೀರಿಕೊಂಡಿದ್ದಾನೆ, ಮನೆ ತನ್ನ ಹೆಸರಿಗಾಗಬೇಕು, ಆಗುವವರೆಗೆ ಕಚೇರಿಯವರು ಯಾವತ್ತು ಬೇಕಾದರೂ ಖಾಲಿ ಮಾಡು ಎನ್ನಬಹುದು. ನಲವತ್ತು ವರ್ಷ ಬಾಳಿದ ಮನೆ. ಮನೆ ನಂಬರು ಹದಿನಾರು ಎಂದು ಅವಳು ಎರಡು ಸಲ ಹೇಳಿದಳು. ಪುಟವನ್ನು ರೋಲರಿನಿಂದ ಎಳೆದು ತೆಗೆಯುವಾಗಲೇ ಅವನ ಕಣ್ಣಿಗೆ ಬಿದ್ದಿತು, ಅಂಕಿಗಳು ಅದಲುಬದಲಾಗಿ ಅರವತ್ತೊಂದು ಆಗಿದ್ದವು. ಮೂರು ಪ್ರತಿ, ಮತ್ತೆ ಕಾರ್ಬನ್ನು, ಮತ್ತೆ ಇಪ್ಪತ್ತು ನಿಮಿಷ. ಹೆಸರು ಸರಿಯಿದೆಯಲ್ಲ, ಅಂಕಿ ಯಾರು ನೋಡುತ್ತಾರೆ ಎಂದುಕೊಂಡು ಸಹಿ ಹಾಕಿಸಿ ಕಳಿಸಿದ. ಅಂಕಿಯನ್ನೇ ನೋಡಿದರು. ಅರ್ಜಿ ವಾಪಸು ಬಂತು. ಮುದುಕಿ ಅದನ್ನು ಹಿಡಿದುಕೊಂಡು ಮತ್ತೆ ಅವನ ಸ್ಟೂಲಿನ ಮೇಲೆಯೇ ಬಂದು ಕೂತು, ಬೈಯುತ್ತಾಳೆಂದು ಅವನು ಮೈ ಬಿಗಿಹಿಡಿದಿದ್ದರೆ, "ನಾನೇ ತಪ್ಪು ಹೇಳಿರ್ಬೇಕಪ್ಪಾ, ವಯಸ್ಸಾಯ್ತು ನೋಡು. ನಿನ್ನ ಕೈಯಲ್ಲಿ ತಪ್ಪಾಗಲ್ಲ ಅಂತ ಎಲ್ಲರೂ ಹೇಳ್ತಾರೆ," ಎಂದಳು. ಅವನು "ಇರಬಹುದಮ್ಮಾ," ಎಂದ. ಆಮೇಲೆ ಹೊಸ ಅರ್ಜಿ ಟೈಪ್ ಮಾಡಿದ, ಅದಕ್ಕೆ ದುಡ್ಡನ್ನೂ ತೆಗೆದುಕೊಂಡ. ಅವಳು ಸಾಲಿನ ತುದಿಗೆ ಹೋಗಿ ನಿಂತಳು. ತಿಂಗಳಿಗೊಮ್ಮೆ ಬಂದು ತನ್ನ ಸರದಿ ಎಲ್ಲಿಗೆ ಬಂತೆಂದು ಕೇಳಿಕೊಂಡು ಹೋಗುತ್ತಾಳೆ, ಹೋಗುವಾಗ ಅವನಿಗೆ ನಮಸ್ಕಾರ ಮಾಡುತ್ತಾಳೆ. ಆ ನಮಸ್ಕಾರ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಟೈಪಿಂಗು ಬಿಟ್ಟರೆ ವರಾಂಡ ತಪ್ಪುತ್ತದೆ, ವರಾಂಡ ತಪ್ಪಿದರೆ ಆ ನಮಸ್ಕಾರ ತಪ್ಪುತ್ತದೆ. ಲಾರಿಗಳು ನಮಸ್ಕಾರ ಮಾಡುವುದಿಲ್ಲ.

ಅನುವಾದಕಿಯ ಮನೆ ಮೂರನೇ ಮಹಡಿಯಲ್ಲಿತ್ತು. ಎತ್ತರದ ಹೆಂಗಸು, ಎಪ್ಪತ್ತರ ಹತ್ತಿರ, ದಪ್ಪ ಕನ್ನಡಕ. ಬಾಗಿಲು ತೆರೆದು ಅವನ ಮುಖದ ಪಕ್ಕಕ್ಕೆಲ್ಲೋ ನೋಡುತ್ತ "ಬನ್ನಿ" ಎಂದಾಗ ಅವನು ತಿರುಗಿ ಹಿಂದೆ ಯಾರಿದ್ದಾರೆಂದು ನೋಡಿದ. "ನಿಮ್ಮನ್ನೇ ಕರೆದಿದ್ದು. ಕಣ್ಣಿನ ನಡುಭಾಗ ಮಂಜಾಗಿದೆ, ಅಂಚಲ್ಲಿ ಮಾತ್ರ ಕಾಣುತ್ತೆ. ನಿಮ್ಮ ಕಿವಿ ನೋಡಿದ್ರೆ ಮುಖ ಸಿಗುತ್ತೆ ನನಗೆ," ಎಂದು ನಕ್ಕರು. ಗೋಡೆ ಕಾಣದಷ್ಟು ಪುಸ್ತಕಗಳಿದ್ದ ಕೋಣೆ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಅದು ಇತ್ತು, ಮಾಸಿದ ಬೂದು ಬಣ್ಣದ್ದು, ಮುಚ್ಚಿದ ಸ್ಲೇಟಿನ ಹಾಗೆ. ಎಡ ಮೂಲೆಯಲ್ಲಿ ಒಂದು ತಗ್ಗು. ಅವನು ಎತ್ತಿ ನೋಡಿದ, ಭಾರವಿತ್ತು, ಭಾರ ಅವನಿಗೆ ಇಷ್ಟವಾಯಿತು, ಇಷ್ಟವಾದದ್ದಕ್ಕೆ ಸಿಟ್ಟೂ ಬಂತು. ಕೊಳ್ಳಲು ಬಂದಿಲ್ಲ, ನೋಡಲು ಬಂದಿದ್ದೇನೆ ಎಂದು ತನಗೇ ಹೇಳಿಕೊಂಡ.

"ಮೊದಲು ಇದರ ತಪ್ಪುಗಳನ್ನ ಹೇಳಿಬಿಡ್ತೀನಿ," ಎಂದರು ಅನುವಾದಕಿ, ಕುರ್ಚಿ ಎಳೆದುಕೊಂಡು. "ಬ್ಯಾಟರಿ ಒಂದೂಕಾಲು ಗಂಟೆ, ಅದರ ಮೇಲೆ ಒಂದು ನಿಮಿಷ ಅಂದ್ರೆ ಸುಳ್ಳು. ಒಂದು ಕಡೆ ಸ್ಪೀಕರ್ ಸತ್ತಿದೆ. ಕಂಪನಿಯವರು ಎರಡು ವರ್ಷದಿಂದ ಇದಕ್ಕೆ ಹೊಸದೇನೂ ಕಳಿಸ್ತಿಲ್ಲ. ಬೇಸಿಗೇಲಿ ಬಿಸಿಯಾಗಿ ಗೊರಕೆ ಹೊಡೆಯುತ್ತೆ. ಅರ್ಜಿ ಟೈಪ್ ಮಾಡೋಕೆ, ಪ್ರಿಂಟಿಗೆ ಕಳಿಸೋಕೆ ಏನೂ ತೊಂದರೆ ಇಲ್ಲ, ಇನ್ನೂ ಐದು ವರ್ಷ ದುಡಿಯುತ್ತೆ. ಆಮೇಲೆ ಹೋದ್ರೆ ರಿಪೇರಿಗೆ ಸಾಮಾನು ಸಿಗೋದು ಕಷ್ಟ."

ಮೂವತ್ತೊಂದು ವರ್ಷದಲ್ಲಿ ಅವನು ಕೇಳಿದ್ದೆಲ್ಲ ಬೇರೆಯವರ ತಪ್ಪುಗಳ ಪಟ್ಟಿ. ನೆರೆಯವನು ಹೀಗೆ ಮಾಡಿದ, ಅಧಿಕಾರಿ ಹಾಗೆ ಮಾಡಿದ. ಯಾರೂ ಕೇಳದೆ, ಎದುರಿಗಿರುವವನಿಗೆ ಗೊತ್ತಾಗುವ ಸಂಭವವೇ ಇಲ್ಲದಾಗ, ತನ್ನ ಕಡೆಯ ಕುಂದನ್ನು ಹೀಗೆ ತರಕಾರಿಯ ಹೆಸರು ಹೇಳಿದಂತೆ ಹೇಳುವುದನ್ನು ಅವನು ಕಂಡಿರಲಿಲ್ಲ. ಕಿವಿ ಬಿಸಿಯಾಯಿತು. ಅವರು ನೋಡುತ್ತಿದ್ದದ್ದೂ ಕಿವಿಯನ್ನೇ. "ಮಾರಾಟ ಆಗಿಲ್ಲವಲ್ಲ, ಯಾಕೆ ಮೇಡಂ?" ಎಂದು ಕೇಳಿದ, ಏನಾದರೂ ಕೇಳಬೇಕಲ್ಲ ಎಂದು.

"ತೆಗೆದು ನೋಡಿ, ಗೊತ್ತಾಗುತ್ತೆ. ಆರು ಜನ ಬಂದು ನೋಡಿ ಓಡಿಹೋದ್ರು."

ತೆಗೆದ. ಕೀಲಿಗಳ ಮೇಲೆ ಅಕ್ಷರಗಳೇ ಇರಲಿಲ್ಲ. ಬೆರಳು ತಾಗಿ ತಾಗಿ ಎಲ್ಲ ಸವೆದು ಹೋಗಿ, ಮೂಲೆಯಲ್ಲಿ ನಾಲ್ಕೈದು ಮಾತ್ರ ಉಳಿದಿದ್ದವು. "ಉಳಿದಿರೋದನ್ನೂ ನಂಬಬೇಡಿ," ಎಂದರು. "ನಾನು ಕಲಿತಿದ್ದು ಟೈಪ್‌ರೈಟರಲ್ಲಿ. ಒಳಗೆ ಅಕ್ಷರಗಳನ್ನೆಲ್ಲ ಆ ಹಳೇ ಜಾಗಕ್ಕೇ ಕೂರಿಸಿಕೊಂಡಿದೀನಿ. ಮೇಲೆ ಬರೆದಿರೋದು ಒಂದು, ಬರೋದು ಇನ್ನೊಂದು. ಒಬ್ಬ ಮಹಾಶಯ, ಇದೇನ್ ಮೇಡಂ ಬೊಚ್ಚುಬಾಯಿ ಥರ ಇದೆ ಅಂದ. ಇದನ್ನ ತಗೊಂಡಾಗ ಬೆಲೆ ಕೇಳಿ ನಮ್ಮಕ್ಕ ಮೂರು ದಿನ ನನ್ನ ಹತ್ರ ಮಾತು ಬಿಟ್ಟಿದ್ಲು ಗೊತ್ತಾ, ಅಂಥದ್ದು ಇದು!"

ಅವನು ಕಣ್ಣು ಮುಚ್ಚಿ ಬೆರಳುಗಳನ್ನು ಇಳಿಸಿದ. ಕೀಲಿಗಳು ಒಳಗೆ ಹೋದವು, ಹೋಗಿ ಮೇಲೆ ಬಂದವು, ತಳದಲ್ಲೆಲ್ಲೋ ಒಂದು ಗಟ್ಟಿ ನೆಲ ಸಿಕ್ಕಿತು. ಹಲ್ಲಿನ ಡಾಕ್ಟರ ಜಾಹೀರಾತು ತಾನಾಗಿ ಬಂತು. ಕಣ್ಣು ಬಿಟ್ಟು ನೋಡಿದರೆ ಒಂದಕ್ಷರವೂ ಜಾಗ ತಪ್ಪಿರಲಿಲ್ಲ. ಅವನು ಅಷ್ಟು ಖುಷಿಪಟ್ಟು ಯಾವ ಕಾಲವಾಗಿತ್ತೋ, ತುಟಿ ತಾನಾಗಿ ಅಗಲವಾಯಿತು. ಅದೇ ಖುಷಿಯಲ್ಲಿ ಎಡಗೈ ಎದ್ದು ಫಟಾರೆಂದು ಅಂಚಿಗೆ ಹೊಡೆಯಿತು. ಲ್ಯಾಪ್‌ಟಾಪು ಒಂದು ಸಲ ಅದುರಿ, ಇದ್ದಲ್ಲೇ ನಿಂತಿತು. ಅವನು ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೂತ.

"ಹೊಡೆದ್ರಾ?" ಎಂದು ಅನುವಾದಕಿ ಗಟ್ಟಿಯಾಗಿ ನಕ್ಕುಬಿಟ್ಟರು. "ಶಬ್ದದಲ್ಲೇ ಗೊತ್ತಾಯ್ತು. ಮೊದಲ ತಿಂಗಳಲ್ಲಿ ನಾನು ಎರಡು ಸಲ ಇದನ್ನ ಮೇಜಿಂದ ಕೆಳಗೆ ಕೆಡವಿದೀನಿ. ಆ ಮೂಲೆ ತಗ್ಗು ಮತ್ತೆ ಯಾತರದ್ದು ಅಂದ್ಕೊಂಡ್ರಿ? ಹೊಡೀರಿ, ಹೊಡೀರಿ, ಆರು ತಿಂಗಳಿಗೆ ಕೈಗೆ ಬುದ್ಧಿ ಬರುತ್ತೆ. ನೀವು ಟೈಪ್ ಮಾಡ್ತಾ ಇರಿ, ಅಕ್ಕನಿಗೆ ಮಾತ್ರೆ ಕೊಟ್ಟು ಬರ್ತೀನಿ." ಗೋಡೆಯನ್ನು ಬೆರಳ ತುದಿಯಲ್ಲಿ ಸವರಿಕೊಂಡು ಒಳಗೆ ಹೋದರು.

ಈಗ ಕೋಣೆಯಲ್ಲಿ ಅವನು ಮತ್ತು ಅದು. ಏನು ಟೈಪ್ ಮಾಡುವುದು? ಎದುರಿಗೆ ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ, ಹೇಳುವವರಿಲ್ಲದೆ ಅವನು ಯಾವತ್ತೂ ಟೈಪ್ ಮಾಡಿರಲಿಲ್ಲ. ಬೆರಳುಗಳು ತಮಗೆ ಗೊತ್ತಿದ್ದಲ್ಲಿಂದ ಹೊರಟವು. 'ನಾನು' ಎಂದವು. ಲಕ್ಷ ಸಲ ಬರೆದ ಪದ. ಬಾಡಿಗೆದಾರರ ನಾನು, ವಿಧವೆಯರ ನಾನು, ಕುಡುಕರ, ನಿವೃತ್ತರ, ಸೊಸೆಯಂದಿರ ನಾನು. ಇದರ ಮುಂದೆ ಯಾರ ಹೆಸರು ಹಾಕಬೇಕೆಂದು ಬೆರಳು ಕಾದವು, ಅವನು ಬೇರೆ ಯಾರೂ ತೋಚದೆ ತನ್ನದನ್ನೇ ಹಾಕಿದ. ವಸತಿ ಕಚೇರಿಯ ವರಾಂಡದ ಟೈಪಿಸ್ಟನಾದ ನಾನು, ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ. ಅಲ್ಲಿಗೆ ಬಂದ ಮೇಲೆ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ, ಅರ್ಜಿ ಅರ್ಜಿಯ ದಾರಿ ಹಿಡಿದಿತ್ತು. ಅರ್ಜಿದಾರಳ ಮನೆಯ ನಂಬರು ಹದಿನಾರು ಎಂದಿರಬೇಕಾದಲ್ಲಿ, ಗಮನಕ್ಕೆ ಬಾರದೆ, ಅರವತ್ತೊಂದು ಎಂದು ತಪ್ಪಾಗಿ ಟೈಪ್ ಆಗಿರುತ್ತದೆ.

ಓದಿದ. ಚೀಟಿ ಅಂದರೆ ಹೀಗೇ ಇರುತ್ತದೆ, ರೇಡಿಯೋನ ಚೀಟಿಗಳೆಲ್ಲ ಇದೇ ಮಾತಿನವು. ಟೈಪ್ ಆಗಿರುತ್ತದೆ. ಹಾಲು ತಾನಾಗಿ ಉಕ್ಕಿದ ಹಾಗೆ. ಟೈಪ್‌ರೈಟರಿನಲ್ಲಾಗಿದ್ದರೆ ಇದು ಆಗಲೇ ಮೂರು ಪ್ರತಿಯಲ್ಲಿ ಕೂತುಬಿಟ್ಟಿರುತ್ತಿತ್ತು, ಇನ್ನು ಬದಲಾಯಿಸಲು ಬರುವುದಿಲ್ಲ, ಇರಲಿ ಎಂದು ಮುಂದೆ ಹೋಗುತ್ತಿದ್ದ. ಜೀವಮಾನವೆಲ್ಲ ಹಾಗೇ ಮುಂದೆ ಹೋದವನು. ಬಲಗೈಯ ಕಿರುಬೆರಳು ಮೂಲೆಯ ಕೀಲಿಯನ್ನು ಹುಡುಕಿಕೊಂಡು ಹೋಯಿತು. ಒತ್ತಿದ. ಕೊನೆಯ ಅಕ್ಷರ ಮಾಯವಾಯಿತು, ಗುರುತೂ ಉಳಿಯಲಿಲ್ಲ. ಮತ್ತೆ ಒತ್ತಿದ. 'ಟೈಪ್ ಆಗಿರುತ್ತದೆ' ಎಂಬುದು ಪೂರ್ತಿ ಹೋಯಿತು, ಅಲ್ಲಿ 'ಟೈಪ್ ಮಾಡಿದೆ' ಎಂದು ಬರೆದ. ಇನ್ನೂ ಸ್ವಲ್ಪ ಹಿಂದೆ 'ಗಮನಕ್ಕೆ ಬಾರದೆ' ಎಂಬುದು ಕೂತಿತ್ತು. ಅದನ್ನು ಬಹಳ ಹೊತ್ತು ನೋಡಿದ. ಒಳಗಿನ ಕೋಣೆಯಲ್ಲಿ ಅಕ್ಕತಂಗಿಯರು ಯಾವುದೋ ಮಾತ್ರೆಯ ಬಣ್ಣದ ಬಗ್ಗೆ ವಾದ ಮಾಡುತ್ತಿದ್ದರು. ಬಾರದೆ ಎಂಬುದನ್ನು ಅಳಿಸಿದ. ಗಮನಕ್ಕೆ ಬಂದಿದ್ದರೂ, ಮತ್ತೆ ಟೈಪ್ ಮಾಡಲು ಬೇಸರಪಟ್ಟು, ಹಾಗೆಯೇ ಕೊಟ್ಟೆ. ಮರಳಿ ಬಂದು ತಪ್ಪು ತನ್ನದಿರಬೇಕೆಂದು ಅರ್ಜಿದಾರಳು ಹೇಳಿದಾಗ, ಇರಬಹುದು ಎಂದೆ. ಅಷ್ಟು ಬರೆದಾಗ ಅವನ ಕಣ್ಣು ತುಂಬಿ ಸಾಲುಗಳು ಕಾಣಿಸದಾದವು, ಬೆರಳಿಗೆ ಮಾತ್ರ ಕಾಣುತ್ತಿತ್ತು. ತಪ್ಪಿಲ್ಲದ ಪುಟ ಅಂತ ಇಷ್ಟು ವರ್ಷ ಬೀಗಿದ್ದನಲ್ಲ, ಎರಡು ಕಡೆ ಅಳಿಸಿ ಬರೆದ ಈ ಪುಟದಷ್ಟು ಸರಿಯಾದದ್ದನ್ನು ಅವನು ಒಮ್ಮೆಯೂ ಬರೆದಿರಲಿಲ್ಲ.

"ಏನಾಯ್ತು, ಹಿಡಿಸ್ತಾ?" ಅನುವಾದಕಿ ಬಾಗಿಲಲ್ಲಿ ನಿಂತಿದ್ದರು. ಅವನು ಬೆಚ್ಚಿಬಿದ್ದು ಸ್ಕ್ರೀನಿಗೆ ಕೈ ಅಡ್ಡ ಹಿಡಿದ. "ನನಗೆ ಓದೋಕಾಗಲ್ಲ ಬಿಡಿ, ಹೆದರಬೇಡಿ. ಬೇಡ ಅನ್ನೋದಾದ್ರೆ ಬರೆದಿದ್ದನ್ನ ಅಳಿಸಿಬಿಡಿ ಅಷ್ಟೆ. ನಾಳೆ ಇನ್ನೊಬ್ಬರು ನೋಡೋಕೆ ಬರ್ತಾರೆ."

ಅಳಿಸಬಹುದಿತ್ತು. ಒಂದು ಬೆರಳು ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಏನೂ ಇರುವುದಿಲ್ಲ. ಮೆಟ್ಟಿಲಿಳಿದು ಬಸ್ಸು ಹತ್ತಿ, ಹಳೇದು ಚೆನ್ನಾಗಿರಲಿಲ್ಲ ಕಣೇ, ಬ್ಯಾಟರಿ ಇಲ್ಲ, ಅಕ್ಷರವೇ ಇಲ್ಲ ಎಂದು ಹೆಂಡತಿಗೆ ಹೇಳಬಹುದಿತ್ತು, ಎಲ್ಲವೂ ನಿಜವೇ. ನಾಳೆ ಗೋದಾಮು. ಅವನು ಕಿರುಬೆರಳನ್ನು ಆ ಕೀಲಿಯ ಮೇಲೆ ಇಟ್ಟೂ ಇಟ್ಟ. ಆಮೇಲೆ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು, "ಇದನ್ನ ಅಳಿಸದೆ ಇಟ್ಕೊಳ್ಳೋದು ಹೇಗೆ ಮೇಡಂ?" ಎಂದು ಕೇಳಿದ.

ಅವರು ಅವನ ಕಿವಿಯನ್ನು ಒಂದು ಗಳಿಗೆ ನೋಡಿದರು. ಹತ್ತಿರ ಬಂದು ಎರಡು ಕೀಲಿ ಒಟ್ಟಿಗೆ ಒತ್ತಿ ತೋರಿಸಿದರು. ಬೆಲೆಯಲ್ಲಿ ಅವನು ಚೌಕಾಸಿ ಮಾಡದ್ದು ಕಂಡು, "ಇದೇನ್ರೀ, ಒಂದು ಮಾತೂ ಎಳೆದಾಡಲ್ವಾ?" ಎಂದರು.

"ಇರೋ ತಪ್ಪೆಲ್ಲ ನೀವೇ ಹೇಳಿಬಿಟ್ರಿ, ನನಗೇನು ಉಳೀತು ಹೇಳೋಕೆ," ಎಂದ ಅವನು.

ಚೀಲದಲ್ಲಿ ಅದು ಸರ್ರನೆ ಇಳಿದು ಕೂತಿತು. ಬಸ್ಸಿನಲ್ಲಿ ಅದನ್ನು ಎದೆಗೊತ್ತಿಕೊಂಡು ನಿಂತೇ ಇದ್ದ, ಸೀಟು ಸಿಕ್ಕರೂ ಕೂರಲಿಲ್ಲ. ಮನೆಯ ನಿಲ್ದಾಣಕ್ಕೆ ಮೂರು ನಿಲ್ದಾಣ ಮುಂಚೆಯೇ ಇಳಿದ. ಆ ವಿಳಾಸವನ್ನು ಅವನು ಎರಡು ಸಲ ಟೈಪ್ ಮಾಡಿದ್ದ, ಒಂದು ಸಲ ತಪ್ಪು, ಒಂದು ಸಲ ಸರಿ. ಒಂದೇ ಥರದ ಮನೆಗಳ ಸಾಲಿನಲ್ಲಿ ಹದಿನಾರರ ಬಾಗಿಲು ಹಸಿರು. ಬೆಲ್ ಒತ್ತಿದ ಮೇಲೆ ಓಡಿಹೋಗಬಾರದೇಕೆ ಎಂದು ಅನ್ನಿಸಿತು, ಆದರೆ ಚೀಲ ಭಾರವಿತ್ತು.

ಮುದುಕಿಯೇ ಬಾಗಿಲು ತೆರೆದಳು. "ಅಯ್ಯೋ, ನೀನಾ! ಟೈಪಿನವನು! ಬಾ ಬಾ, ಸರದಿ ಬಂತಾ?" ಎಂದಳು, ಮುಖ ಅರಳಿಸಿ. ಒಳಗೆ ಕಾಲಿಟ್ಟರೆ ಕಂಡಲ್ಲೆಲ್ಲ ಚೀಟಿಗಳು. ಒಲೆಯ ಮೇಲಿನ ಗೋಡೆಗೆ 'ಗ್ಯಾಸ್ ಆರಿಸಿದೆಯಾ'. ಕಪಾಟಿಗೆ 'ಬೀಗದ ಕೈ ಇಲ್ಲಿ'. ಫೋನಿನ ಪಕ್ಕ ಮಗಳ ನಂಬರು. ಬಾಗಿಲ ಒಳಬದಿಗೆ, ದಪ್ಪ ಅಕ್ಷರದಲ್ಲಿ, 'ನಮ್ಮ ಮನೆ 16'. ಅವನು ನೋಡುತ್ತಿರುವುದನ್ನು ಕಂಡು ಮುದುಕಿ ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು. "ಮಗಳು ಬರೆದು ಅಂಟಿಸಿದಾಳೆ. ಆವಾಗ ಅರ್ಜೀಲಿ ಮನೆ ನಂಬರೇ ತಪ್ಪು ಹೇಳ್ಬಿಟ್ನಲ್ಲ, ಅವತ್ತಿಂದ ನನ್ನ ಮೇಲೆ ನನಗೇ ನಂಬಿಕೆ ಇಲ್ಲಪ್ಪ. ನಲವತ್ತು ವರ್ಷ ಇದ್ದ ಮನೆ ನಂಬರು ಮರೆತವಳು ಇನ್ನೇನು ಮರೀತಾಳೋ ಅಂತ ಅವಳಿಗೂ ಭಯ. ಈ ತಿಂಗಳಿಂದ ಹೊರಗೆ ಒಬ್ಬಳೇ ಕಳ್ಸಲ್ಲ. ಬರೋ ವಾರ ಡಾಕ್ಟರು ತಲೆ ಫೋಟೋ ತೆಗೀತಾರಂತೆ."

ಅವನು ನಿಂತಲ್ಲೇ ಹೇಳಿದ. ಕೂತು ಹೇಳುವ ಮಾತಾಗಿರಲಿಲ್ಲ. "ಅಮ್ಮಾ, ನೀವು ಹದಿನಾರು ಅಂತಲೇ ಹೇಳಿದ್ರಿ. ಎರಡು ಸಲ ಹೇಳಿದ್ರಿ. ಅರವತ್ತೊಂದು ಮಾಡಿದ್ದು ನಾನು."

ಮುದುಕಿ ಬಾಗಿಲಿನ ಚೀಟಿಯತ್ತ ತಿರುಗಿ ನೋಡಿದಳು.

"ಪುಟ ತೆಗೆಯುವಾಗಲೇ ನೋಡಿದೆ. ಮತ್ತೆ ಟೈಪ್ ಮಾಡೋಕೆ ಬೇಜಾರಾಗಿ ಹಾಗೇ ಕೊಟ್ಟೆ."

"ನೋಡಿದ್ಯಾ?" ಎಂದಳು ಅವಳು. "ನೋಡಿಯೂ ಕೊಟ್ಯಾ?"

"ಹೌದಮ್ಮ."

"ನಾನೇ ತಪ್ಪು ಹೇಳಿರ್ಬೇಕು ಅಂದಾಗ, ಇರಬಹುದು ಅಂದ್ಯಲ್ಲೋ."

"ಅಂದೆ."

ಅವಳು ಕೈ ಎತ್ತಿದಳು, ಹೊಡೆಯುತ್ತಾಳೆ ಎಂದುಕೊಂಡ, ಹೊಡೆಯಲಿ ಎಂದೂ ಅನ್ನಿಸಿತು. "ನಾಲ್ಕು ತಿಂಗಳು ಕಣೋ," ಎಂದಳು. "ನಾಲ್ಕು ತಿಂಗಳು ನಾನು ಪಾತ್ರೆ ಒಲೆ ಮೇಲಿಟ್ಟು ಅದರ ಮುಂದೇ ನಿಂತಿರ್ತೀನಿ, ಮರೆತೇನು ಅಂತ. ಮಲಗೋ ಮುಂಚೆ ಸತ್ತವರ ಹೆಸರೆಲ್ಲ ಹೇಳ್ಕೊಂಡು ಎಣಿಸ್ತೀನಿ, ಒಂದೂ ತಪ್ಪಿಲ್ಲ ತಾನೇ ಅಂತ. ನಿನಗೆ ನಮಸ್ಕಾರ ಬೇರೆ ಮಾಡ್ತಿದ್ದೆ!" ಬಾಯಿಗೆ ಬಂದದ್ದೆಲ್ಲ ಬೈದಳು. ಅವನು ತಲೆ ತಗ್ಗಿಸಿ ನಿಂತು ಕೇಳಿದ. ಕೇಳುವುದೊಂದು ಅವನಿಗೆ ಗೊತ್ತಿತ್ತು. ಬೈದು ಬೈದು ಉಸಿರು ತೆಗೆದುಕೊಳ್ಳಲು ನಿಂತವಳು, ಇದ್ದಕ್ಕಿದ್ದಂತೆ ಬೇರೆ ದನಿಯಲ್ಲಿ, "ಹಾಗಾದ್ರೆ ನಾನು ಹೇಳಿದ್ದು ಹದಿನಾರೇ," ಎಂದಳು.

"ಹದಿನಾರೇ ಅಮ್ಮ."

"ಏಯ್!" ಎಂದು ಅವಳು ಒಳಗಿನ ಕೋಣೆಯ ಕಡೆ ತಿರುಗಿ ಕೂಗಿದ ರಭಸಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ. "ಕೇಳಿಸ್ಕೊಂಡ್ಯೇನೇ? ನಾನು ಸರಿಯಾಗೇ ಹೇಳಿದ್ನಂತೆ! ತಪ್ಪು ಇವನದಂತೆ! ಬಾರೇ ಹೊರಗೆ!" ಮಗಳು ಬರುವಷ್ಟರಲ್ಲಿ ಅವಳು ಬಾಗಿಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು ಮುದ್ದೆ ಮಾಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ಅವಳು ಹತ್ತು ವರ್ಷ ಚಿಕ್ಕವಳಾಗಿ ಕಂಡಳು.

ಅವನು ಚೀಲದಿಂದ ಲ್ಯಾಪ್‌ಟಾಪು ತೆಗೆದು, ನಾಳೆ ಕಚೇರಿಗೆ ಕೊಡುವ ಚೀಟಿ ಇದರಲ್ಲಿದೆ, ಕೊಟ್ಟರೆ ನಿಮ್ಮ ಹಳೇ ಸರದಿ ನಿಮಗೆ ವಾಪಸು ಬರುತ್ತದೆ ಎಂದು ವಿವರಿಸಿದ. ಮಗಳು ಅವನನ್ನು ಉರಿಗಣ್ಣಿನಿಂದ ನೋಡುತ್ತಲೇ ಕುರ್ಚಿಯೊಂದನ್ನು ಅವನತ್ತ ತಳ್ಳಿದಳು. "ಓದು," ಎಂದಳು ಮುದುಕಿ, ಎದುರಿಗೆ ಕೂತು, ಕಣ್ಣು ಮುಚ್ಚಿ. ಅವನು ಓದಿದ. ಪೂರ್ತಿ ಕೇಳಿ ಅವಳು ತಲೆಯಾಡಿಸಿದಳು.

"ಎಲ್ಲ ನಿನ್ನದೇ ಆಯ್ತಲ್ಲೋ. ನೋಡಿದೆ, ಕೊಟ್ಟೆ, ಅಂದೆ. ನಾನೆಲ್ಲಿ ಅದರಲ್ಲಿ? ಸೇರ್ಸು, ಮುದುಕಿ ಸರಿಯಾಗೇ ಹೇಳಿದ್ಲು ಅಂತ."

"ಸೇರಿಸ್ತೀನಮ್ಮ."

"ಕೊನೇಲಿ ಬೇಡ. ಎಲ್ಲಕ್ಕಿಂತ ಮೊದಲು ಬರ್ಲಿ." ಆಮೇಲೆ ಟೈಪ್‌ರೈಟರಿನ ಪುಟಗಳನ್ನು ನೆನೆದವಳ ಹಾಗೆ, ಅನುಮಾನದಿಂದ ಕೇಳಿದಳು, "ಮೇಲೆ ಜಾಗ ಇದ್ಯಾ?"

"ಇದರಲ್ಲಿ ಮಾಡ್ಕೋಬಹುದು," ಎಂದು ಅವನು ಸಾಲುಗಳನ್ನು ದಾಟಿ ದಾಟಿ ಪುಟದ ನೆತ್ತಿಗೆ ಹೋದ, ತನ್ನ ಹೆಸರಿಗಿಂತಲೂ ಮೇಲೆ. ಅರ್ಜಿದಾರಳು ತನ್ನ ಮನೆಯ ನಂಬರನ್ನು ಸರಿಯಾಗಿಯೇ ಹೇಳಿದ್ದಳು ಎಂದು ಅವನು ಟೈಪ್ ಮಾಡುತ್ತಿದ್ದಂತೆ ಕೆಳಗಿದ್ದ ಸಾಲುಗಳೆಲ್ಲ ಸರಿದು ಸರಿದು ಅವಳಿಗೆ ಜಾಗ ಬಿಟ್ಟವು.

"ಈಗ ಓದು," ಎಂದಳು ಮುದುಕಿ. "ಗಟ್ಟಿಯಾಗಿ ಓದು, ಇವಳಿಗೂ ಕೇಳಿಸ್ಲಿ."